ಮನೆವಾರ್ತೆ: ಮುಗಿಯಿತೆಂದುಕೊಂಡ ಚಿತ್ರ



ಮದುವೆ, ಉಪನಯನ, ಗೃಹಪ್ರವೇಶಗಳ ನೆನಪನ್ನು ಉಳಿಸಿಕೊಳ್ಳುವುದಕ್ಕಾಗಿ ನಮ್ಮ ಹಿಂದಿನವರು ಪೇಟೆಯಿಂದ ಛಾಯಾಚಿತ್ರಗಾರನನ್ನು ಕರೆಯಿಸಿ, ಮನೆಮಂದಿಯನ್ನೆಲ್ಲ ಜಗುಲಿಯ ಮುಂದೆ ಸಾಲಾಗಿ ನಿಲ್ಲಿಸಿ, ಒಂದು ಪಟವನ್ನು ತೆಗೆಯಿಸಿ ಕಟ್ಟುಹಾಕಿಸುತ್ತಿದ್ದರು. ಈಗ ಆ ಕೆಲಸವನ್ನು ಮನೆಯ ಮಕ್ಕಳೇ ಮಾಡುತ್ತಾರೆ. ಕೈಯಲ್ಲಿರುವ ಫೋನಿನಿಂದ ತುಂಡುತುಂಡಾಗಿ ಚಲಚ್ಚಿತ್ರಗಳನ್ನು ತೆಗೆದು, ಅವುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ, ಸಂಗೀತವನ್ನೂ ಹೆಸರುಗಳನ್ನೂ ಸೇರಿಸಿ, ನೋಡುವುದಕ್ಕೆ ಹಿತವಾದ ಒಂದು ಸಿನಿಮಾವನ್ನೇ ಸಿದ್ಧಪಡಿಸಿಬಿಡುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಕೆಲಸಕ್ಕೆ ಕಟ್ಟಕಡೆಯ ಮೆಟ್ಟಲೊಂದುಂಟು. ಅದಕ್ಕೆ ಎಕ್ಸ್‌ಪೋರ್ಟ್ ಎಂದು ಹೆಸರು. ಕೆಲವು ತಂತ್ರಾಂಶಗಳಲ್ಲಿ ರೆಂಡರ್ ಎಂದೂ ಕೆಲವದರಲ್ಲಿ ಡೆಲಿವರ್ ಎಂದೂ ಹೇಳುವರು. ಹತ್ತು ದಿನ ನಿದ್ರೆಗೆಟ್ಟು ದುಡಿದವರು ಈ ಒಂದು ಮೆಟ್ಟಲನ್ನು ಹತ್ತದೆ ನಿಂತುಬಿಟ್ಟರೆ ಏನಾಗುವುದೆಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯ ಮೂಲಕ ಅರಿಕೆ ಮಾಡುತ್ತೇನೆ.

ನನ್ನ ಸೋದರತ್ತೆಯವರು ಸಾಗರದ ಸೀಮೆಯವರು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮುಳುಗಿದ ಮನೆಗಳಲ್ಲಿ ಅವರು ಸೇರಿದ ಮನೆಯೂ ಒಂದು. 2021ರ ಚಳಿಗಾಲದಲ್ಲಿ ಅವರಿಗೆ ಎಂಬತ್ತನಾಲ್ಕು ವರ್ಷ. ನನ್ನ ಮಗನು ಅವರ ಬಳಿ ಮೂರು ದಿನ ಕುಳಿತು, "ಅತ್ತಜ್ಜೀ, ಆಮೇಲೆ ಏನಾಯಿತು?" ಎಂದು ಕೇಳಿಕೇಳಿ, ಅವರು ಹೇಳಿದುದನ್ನೆಲ್ಲ ಫೋನಿನಲ್ಲಿ ಹಿಡಿದನು. ಮನೆಯನ್ನು ಬಿಟ್ಟು ಹೊರಟ ದಿನ ತೊಟ್ಟಿಲನ್ನು ಗಾಡಿಗೆ ಕಟ್ಟಿದ್ದು, ಬಾವಿಕಟ್ಟೆಗೆ ಅರಸಿನ ಕುಂಕುಮ ಹಚ್ಚಿ ಕೈಮುಗಿದು ಬಂದದ್ದು, ಹಟ್ಟಿಯ ಹಸುವೊಂದು ಮೂರು ಸಲ ಹಿಂದಕ್ಕೆ ಓಡಿದ್ದು, ಇವೆಲ್ಲ ಅದರಲ್ಲಿದ್ದವು. ಆರು ಗಂಟೆಗಳ ಮಾತನ್ನು ಅವನು ಸೋಸಿ ನಲವತ್ತು ನಿಮಿಷಕ್ಕೆ ಇಳಿಸಿದನು. ಮುಂದಿನ ವರ್ಷದ ದೀಪಾವಳಿಯಲ್ಲಿ ಕಂಪ್ಯೂಟರನ್ನು ಟೆಲಿವಿಷನ್ನಿಗೆ ಜೋಡಿಸಿ, ಆ ಸಂಕಲನದ ತಂತ್ರಾಂಶದಲ್ಲಿಯೇ ನಮಗೆಲ್ಲ ತೋರಿಸಿದನು. ಅತ್ತೆಯವರೂ ನಮ್ಮ ನಡುವೆ ಕುಳಿತು ನೋಡಿದರು. ಯಾರ ಕಣ್ಣೂ ಒಣಗಿರಲಿಲ್ಲ.

"ಸೇವ್ ಮಾಡಿದ್ದೀಯಲ್ಲವೆ?" ಎಂದು ನಾನು ಕೇಳಿದೆ. "ಮಾಡಿದ್ದೇನೆ, ಅಪ್ಪಾ" ಎಂದನು. ಅವನು ಹೇಳಿದ್ದು ನಿಜ. ಕೆಲವು ತಿಂಗಳು ಕಳೆದ ಮೇಲೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬಂದಾಗ, "ಸಿನಿಮಾ ಆಗಿದೆಯಲ್ಲ, ಇನ್ನು ಆ ತುಂಡುಗಳು ಯಾತಕ್ಕೆ? ಅಳಿಸಿಬಿಡು" ಎಂದು ಹೇಳಿದವನು ನಾನೇ.

ಅತ್ತೆಯವರು 2023ರಲ್ಲಿ ತೀರಿಕೊಂಡರು. ಮರುವರ್ಷ ವೈದಿಕಕ್ಕೆ ನೆಂಟರೆಲ್ಲ ಸೇರಿದ್ದ ದಿನ ಸಂಜೆ, ಆ ಚಿತ್ರವನ್ನು ಮತ್ತೊಮ್ಮೆ ನೋಡೋಣವೆಂದು ಕುಳಿತೆವು. ಪ್ರಾಜೆಕ್ಟ್ ತೆರೆಯಿತು. ಆದರೆ ತೆರೆಯ ತುಂಬ ಕೆಂಪು ಬಣ್ಣ. ಮೂಲದ ಫೈಲುಗಳು ಸಿಕ್ಕಲಿಲ್ಲವೆಂಬ ಒಂದು ಸಾಲು. ಓಡಿಸಿ ನೋಡಿದೆವು. ಮಾತಿಲ್ಲ, ಮುಖವಿಲ್ಲ. ಮೇಲೆ ಮಗನು ಬರೆದಿದ್ದ ಕನ್ನಡದ ಶೀರ್ಷಿಕೆಗಳು ಮಾತ್ರ ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಬಂದುಹೋದವು: "ತೊಟ್ಟಿಲು", "ಬಾವಿಕಟ್ಟೆ", "ಹಿಂದಿರುಗಿದ ಹಸು". ಬಲ್ಲವರ ಬಳಿಗೆ ಡಿಸ್ಕನ್ನು ಕೊಂಡೊಯ್ದು ತೋರಿಸಿದ್ದಾಯಿತು. ಅಳಿಸಿದ ಜಾಗದ ಮೇಲೆ ಅದಾಗಲೇ ಬೇರೆ ಬರವಣಿಗೆ ಆಗಿಹೋಗಿತ್ತು.

ಈ ಅನರ್ಥ ಹೇಗಾಯಿತೆಂಬುದನ್ನು ಆಮೇಲೆ ಮಗನೊಡನೆ ಕುಳಿತು ಕಲಿತುಕೊಂಡೆನು. ಪ್ರಾಜೆಕ್ಟ್ ಎಂಬ ಫೈಲು ಚಿತ್ರವಲ್ಲ; ಚಿತ್ರವನ್ನು ಮಾಡುವ ಕ್ರಮವನ್ನು ಬರೆದಿಟ್ಟ ಚೀಟಿ. ಅಡಿಗೆಯ ಮನೆಯ ಗೋಡೆಗೆ ಒಂದು ಚೀಟಿಯನ್ನು ಅಂಟಿಸಿದೆಯೆಂದಿಟ್ಟುಕೊಳ್ಳಿ. "ಮೇಲಿನ ಹಲಗೆಯ ಮೂರನೆಯ ಡಬ್ಬಿಯಿಂದ ಎರಡು ಹಿಡಿ, ಅದರ ಪಕ್ಕದ ಭರಣಿಯಿಂದ ಒಂದು ಚಮಚ" ಎಂದು ಅದರಲ್ಲಿ ಬರೆದಿದೆ. ಡಬ್ಬಿಗಳು ಇದ್ದಲ್ಲಿ ಇರುವ ತನಕ ಆ ಚೀಟಿಯನ್ನು ನೋಡಿಕೊಂಡು ಎಷ್ಟು ಸಲವಾದರೂ ಹುಳಿಯನ್ನು ಮಾಡಬಹುದು. ಯಾರೋ ಡಬ್ಬಿಗಳನ್ನು ಬೇರೆ ಹಲಗೆಗೆ ಸರಿಸಿದರೆ ಚೀಟಿಯನ್ನು ನಂಬಿದವರು ತಬ್ಬಿಬ್ಬಾಗುವರು. ಡಬ್ಬಿಗಳನ್ನು ಬರಿದುಮಾಡಿ ತೊಳೆದಿಟ್ಟರಂತೂ ಚೀಟಿಯನ್ನು ಓದಿ ಹೊಟ್ಟೆ ತುಂಬಿಸಿಕೊಳ್ಳಬೇಕಷ್ಟೆ!

ಇದು ಬರಿಯ ಉಪಮಾನವೆಂದು ತಿಳಿಯಬೇಡಿ. ಷಾಟ್‌ಕಟ್, ಕೆಡೆನ್‌ಲೈವ್ ಎಂಬ ಎರಡು ತಂತ್ರಾಂಶಗಳು ಯಾರಿಗಾದರೂ ಉಚಿತವಾಗಿ ದೊರೆಯುವುವು. ಅವುಗಳ ಪ್ರಾಜೆಕ್ಟನ್ನು ಸಾಮಾನ್ಯ ಬರವಣಿಗೆಯ ತಂತ್ರಾಂಶದಲ್ಲಿ ತೆರೆದರೆ ಒಳಗೆ ಕಾಣುವುದು ಅಕ್ಷರಗಳೇ: ಇಂಥ ಕಡೆ ಇರುವ ಇಂಥ ಹೆಸರಿನ ಫೈಲು, ಅದರಲ್ಲಿ ಇಲ್ಲಿಂದ ಇಲ್ಲಿಯ ವರೆಗಿನ ಭಾಗ, ಅದರ ಮೇಲೆ ಇಂಥ ಶೀರ್ಷಿಕೆ, ಇಷ್ಟು ಬೆಳಕು, ಇಷ್ಟು ಸದ್ದು, ಹೀಗೆ. ನಮ್ಮ ಮನೆಯ ಶೀರ್ಷಿಕೆಗಳು ಉಳಿದು ಮುಖಗಳು ಅಳಿದುದಕ್ಕೆ ಕಾರಣವಿದೇ. ಶೀರ್ಷಿಕೆಗಳು ಚೀಟಿಯಲ್ಲಿಯೇ ಬರೆದ ಮಾತುಗಳು, ಮುಖಗಳು ಡಬ್ಬಿಯಲ್ಲಿದ್ದವು.

ಹಾಗೆಂದು ಇದನ್ನು ತಂತ್ರಾಂಶದ ದೋಷವೆನ್ನಲಾಗದು. ಇದು ಅದರ ಗುಣ. ಮೂಲದ ಚಿತ್ರವನ್ನು ಮುಟ್ಟದೆ, ಚೀಟಿಯನ್ನು ಮಾತ್ರ ತಿದ್ದುತ್ತ ಹೋಗುವುದರಿಂದ ನೂರು ಸಲ ಕತ್ತರಿಸಿ ನೂರು ಸಲ ಮರಳಿ ಜೋಡಿಸಬಹುದು. ಫಿಲ್ಮಿನ ಕಾಲದ ಸಿನಿಮಾದವರೂ ಹೀಗೆಯೇ ಮಾಡುತ್ತಿದ್ದರು. ಕ್ಯಾಮರಾದಿಂದ ಬಂದ ನೆಗೆಟಿವನ್ನು ಭದ್ರವಾಗಿಟ್ಟು, ಅದರಿಂದ ಇಳಿಸಿದ ಒಂದು ಪ್ರತಿಯ ಮೇಲೆ ಕತ್ತರಿಯಾಡಿಸುತ್ತಿದ್ದರು. ಎಲ್ಲವೂ ಒಪ್ಪಿಗೆಯಾದ ಮೇಲೆ ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು ಹಿಡಿದುಕೊಂಡು ನೆಗೆಟಿವನ್ನು ಅದೇ ಕ್ರಮದಲ್ಲಿ ಜೋಡಿಸಿ, ಅದರಿಂದ ಪ್ರದರ್ಶನದ ಪ್ರತಿಗಳನ್ನು ಮುದ್ರಿಸುತ್ತಿದ್ದರು. ಆ ಕೊನೆಯ ಮುದ್ರಣವಾಗುವ ತನಕ ಸಿನಿಮಾ ಆಯಿತೆಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ಎಕ್ಸ್‌ಪೋರ್ಟ್ ಎಂಬುದು ಆ ಮುದ್ರಣವೇ.

ಎಕ್ಸ್‌ಪೋರ್ಟಿಗೆ ಅಪ್ಪಣೆ ಕೊಟ್ಟೊಡನೆ ಕಂಪ್ಯೂಟರು ಚೀಟಿಯನ್ನು ಮೊದಲಿನಿಂದ ಓದುತ್ತ, ಒಂದೊಂದು ಚಿತ್ರವನ್ನೂ ಹೊಸದಾಗಿ ರಚಿಸುವುದು. ಸೆಕೆಂಡಿಗೆ 25 ಚಿತ್ರಗಳಂತೆ ಹತ್ತು ನಿಮಿಷಕ್ಕೆ 15,000 ಚಿತ್ರಗಳು. ಸಾಮಾನ್ಯವಾಗಿ 1080 ಎಂದು ಕರೆಯುವ ಅಳತೆಯಲ್ಲಿ ಅಡ್ಡ 1920, ಉದ್ದ 1080, ಎಂದರೆ ಒಂದು ಚಿತ್ರಕ್ಕೆ ಇಪ್ಪತ್ತು ಲಕ್ಷಕ್ಕೂ ಮೇಲ್ಪಟ್ಟು ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣಕ್ಕೆ ಮೂರು ಬೈಟಿನಂತೆ ಇದ್ದುದನ್ನು ಇದ್ದಂತೆಯೇ ಬರೆದಿಟ್ಟರೆ ಹತ್ತು ನಿಮಿಷದ ಚಿತ್ರಕ್ಕೆ ಸುಮಾರು 93 ಗಿಗಾಬೈಟು ಜಾಗ ಬೇಕಾಗುವುದು. ಆದಕಾರಣ ಅದನ್ನು ಸಂಕ್ಷೇಪಿಸಿ ಬರೆಯುವ ಪದ್ಧತಿಗಳನ್ನು ಏರ್ಪಡಿಸಿದ್ದಾರೆ. ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದು, ಅದರ ಮುಂದಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುವುದು ಇವುಗಳ ಮುಖ್ಯ ಉಪಾಯ. ಅಜ್ಜಿ ಮಾತನಾಡುವಾಗ ಬಾಯಿ, ಕೈ, ಕಣ್ಣು ಅಲುಗುವುವು. ಹಿಂದಿನ ಗೋಡೆ ಅಲುಗುವುದಿಲ್ಲ. ಗೋಡೆಯನ್ನು ಸೆಕೆಂಡಿಗೆ ಇಪ್ಪತ್ತೈದು ಸಲ ಬರೆಯುವುದು ಯಾತಕ್ಕೆ? ಈ ಲೆಕ್ಕಾಚಾರಕ್ಕೆಲ್ಲ ಹೊತ್ತು ಹಿಡಿಯುವುದರಿಂದಲೇ ಎಕ್ಸ್‌ಪೋರ್ಟ್ ನಿಧಾನವಾಗುವುದು. ಹಳೆಯ ಕಂಪ್ಯೂಟರಿನಲ್ಲಿ ನಲವತ್ತು ನಿಮಿಷದ ಚಿತ್ರಕ್ಕೆ ಕೆಲವು ಗಂಟೆಗಳೇ ಬೇಕಾದರೂ ಆಶ್ಚರ್ಯವಿಲ್ಲ. ರಾತ್ರಿ ಹಚ್ಚಿಟ್ಟು ಮಲಗುವುದು ಒಳ್ಳೆಯದು. ಕಂಪ್ಯೂಟರು ತಾನೂ ಮಲಗಿಬಿಡದಂತೆ ಮಾತ್ರ ಮೊದಲೇ ಏರ್ಪಾಡು ಮಾಡಿರಬೇಕು.

ಇನ್ನು ಈ ಕೆಲಸವನ್ನು ಮಾಡುವ ಬಗೆ. ಷಾಟ್‌ಕಟ್ಟಿನಲ್ಲಿ ಮೇಲಿನ ಸಾಲಿನಲ್ಲಿಯೇ ಎಕ್ಸ್‌ಪೋರ್ಟ್ ಎಂಬ ಗುಂಡಿಯಿದೆ. ಕೆಡೆನ್‌ಲೈವಿನಲ್ಲಿ ಪ್ರಾಜೆಕ್ಟ್ ಎಂಬ ಪಟ್ಟಿಯೊಳಗೆ ರೆಂಡರ್ ಎಂದಿದೆ. ಪ್ರೀಮಿಯರಿನಲ್ಲಿ ಫೈಲ್ ಎಂಬ ಪಟ್ಟಿಯೊಳಗೆ ಎಕ್ಸ್‌ಪೋರ್ಟ್ ಸಿಕ್ಕುವುದು. ಡಾವಿಂಚಿ ರಿಸಾಲ್ವಿನಲ್ಲಿ ಕೆಳಗಿನ ಸಾಲಿನಲ್ಲಿ ಡೆಲಿವರ್ ಎಂಬ ಬೇರೆ ಪುಟವೇ ಉಂಟು. ಅಲ್ಲಿ ಮೊದಲು ಕೆಲಸವನ್ನು ಸರದಿಗೆ ಸೇರಿಸಿ, ತರುವಾಯ ರೆಂಡರ್ ಗುಂಡಿಯನ್ನು ಒತ್ತತಕ್ಕದ್ದು. ಸರದಿಗೆ ಸೇರಿಸಿದ ಮಾತ್ರಕ್ಕೆ ಫೈಲು ಹುಟ್ಟಲಾರದು.

ಗುಂಡಿಯನ್ನು ಒತ್ತಿದೊಡನೆ ಹಲವು ಪ್ರಶ್ನೆಗಳು ಎದುರಾಗುವುವು. ಅವುಗಳಲ್ಲಿ ಗೃಹಸ್ಥರು ತಿಳಿದಿರಬೇಕಾದುವು ನಾಲ್ಕೇ.

ಮೊದಲನೆಯದು, ಯಾವ ಪದ್ಧತಿ ಎಂಬುದು. ಎಚ್.264 ಎಂಬುದು 2003ರಲ್ಲಿ ಅಂಗೀಕೃತವಾದ ಪದ್ಧತಿ. ಅದಕ್ಕಿಂತ ಹೆಚ್ಚು ಸಂಕ್ಷೇಪಿಸುವ ಎಚ್.265 ಎಂಬುದು 2013ರಲ್ಲಿ ಬಂದಿತು. ಹೊಸದು ಜಾಗವನ್ನು ಉಳಿಸುವುದು ದಿಟ. ಆದರೆ ಹಳೆಯ ಟೆಲಿವಿಷನ್ನುಗಳೂ ಫೋನುಗಳೂ ಅದನ್ನು ಓದಲಾರದೆ ಹೋಗಬಹುದು. ನೆಂಟರಿಷ್ಟರೆಲ್ಲ ನೋಡಬೇಕಾದ ಚಿತ್ರಕ್ಕೆ ಎಚ್.264 ಕ್ಷೇಮ. ಎಂಪಿ4 ಎಂಬುದು ಪದ್ಧತಿಯ ಹೆಸರಲ್ಲ. ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಇಡುವ ಪೆಟ್ಟಿಗೆಯ ಹೆಸರು. ಎಂಪಿ4 ಪೆಟ್ಟಿಗೆ, ಅದರೊಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಎಂದು ಆರಿಸಿದರೆ ಹೆಚ್ಚು ಕಡಮೆ ಎಲ್ಲ ಯಂತ್ರಗಳಲ್ಲಿಯೂ ಓಡುವುದು.

ಎರಡನೆಯದು, ಚಿತ್ರದ ಅಳತೆ. ತೆಗೆದದ್ದು ಯಾವ ಅಳತೆಯೋ ಅದೇ ಇರಲಿ. 1080ರಲ್ಲಿ ತೆಗೆದುದನ್ನು 4ಕೆ ಎಂದು ಬರೆಸಿದರೆ ಫೈಲು ಊದುವುದೇ ಹೊರತು ಹೊಸ ವಿವರ ಬರುವುದಿಲ್ಲ. ನೀರು ಹಾಕಿ ಹೆಚ್ಚಿಸಿದ ಮಜ್ಜಿಗೆಯಂತೆ ಅದು.

ಮೂರನೆಯದು, ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು. ಸಿನಿಮಾಕ್ಕೆ 24, ನಮ್ಮ ದೇಶದ ಟೆಲಿವಿಷನ್ನಿನ ರೂಢಿ 25, ಫೋನುಗಳು ಬಹುಮಟ್ಟಿಗೆ 30ರಂತೆ ತೆಗೆಯುವುವು. ಇಲ್ಲಿಯೂ ಮೂಲದಲ್ಲಿ ಇದ್ದಷ್ಟನ್ನೇ ಇಡಬೇಕು. 30ನ್ನು 25ಕ್ಕೆ ಇಳಿಸಿದರೆ ನಡುನಡುವೆ ಚಿತ್ರಗಳು ಬಿಟ್ಟುಹೋಗಿ, ನಡೆಯುವವರು ಎಡವಿದಂತೆ ಕಾಣುವರು.

ನಾಲ್ಕನೆಯದು, ಬಿಟ್‌ರೇಟ್. ಪ್ರತಿ ಸೆಕೆಂಡಿನ ಚಿತ್ರಕ್ಕೆ ಎಷ್ಟು ಬರವಣಿಗೆಯನ್ನು ಖರ್ಚುಮಾಡಬೇಕೆಂಬುದೇ ಇದು. ಬಹಳ ಕಡಮೆಯಾದರೆ ಸೀರೆಯ ನೇಯ್ಗೆ, ಮುಖದ ಸುಕ್ಕು, ಎಲೆಗಳ ಅಂಚು ಇವೆಲ್ಲ ಚೌಕಚೌಕವಾಗಿ ಕಲಸಿಹೋಗುವುವು. 1080ರ ಅಳತೆಗೆ, ಸೆಕೆಂಡಿಗೆ 24ರಿಂದ 30 ಚಿತ್ರಗಳಿರುವಾಗ, ಯೂಟ್ಯೂಬಿನವರು ಸೂಚಿಸುವುದು ಸೆಕೆಂಡಿಗೆ 8 ಮೆಗಾಬಿಟ್ಟು. ಎಂಟು ಬಿಟ್ಟಿಗೆ ಒಂದು ಬೈಟಾದುದರಿಂದ ಲೆಕ್ಕ ಸುಲಭ: ಸೆಕೆಂಡಿಗೆ 1 ಮೆಗಾಬೈಟು, ನಿಮಿಷಕ್ಕೆ 60, ಹತ್ತು ನಿಮಿಷಕ್ಕೆ 600, ನಲವತ್ತು ನಿಮಿಷಕ್ಕೆ 2,400. ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿಗೆ ಇದರ ಇಮ್ಮಡಿಯನ್ನು ಕೊಟ್ಟರೂ ನಷ್ಟವಿಲ್ಲ. 4ಕೆಯ ಚಿತ್ರಕ್ಕೆ 40 ಮೆಗಾಬಿಟ್ಟಿನಂತೆ ಕೊಟ್ಟರೆ ಇಪ್ಪತ್ತು ನಿಮಿಷಕ್ಕೆ 6 ಗಿಗಾಬೈಟು ಆಗುವುದು. ಇಲ್ಲಿ ಒಂದು ಎಚ್ಚರಿಕೆ: ಫ್ಯಾಟ್32 ಎಂಬ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವುಗಳು 4 ಗಿಗಾಬೈಟಿಗೆ ಮೀರಿದ ಒಂದೇ ಫೈಲನ್ನು, ಒಳಗೆ ಎಷ್ಟು ಜಾಗವಿದ್ದರೂ, ತೆಗೆದುಕೊಳ್ಳಲಾರವು. ಅಂಥದನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮಕ್ಕೆ ಬದಲಾಯಿಸಬೇಕು. ಬದಲಾಯಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದಾದ್ದರಿಂದ ಮೊದಲು ತೆಗೆದು ಬೇರೆಡೆ ಇಟ್ಟುಕೊಳ್ಳತಕ್ಕದ್ದು.

ಈ ನಾಲ್ಕನ್ನೂ ಸರಿಯಾಗಿ ಆರಿಸಿದ ಮೇಲೆಯೂ ಎಡವುವ ಕಲ್ಲುಗಳು ಕೆಲವುಂಟು. ಸಂಕಲನದ ಹೊತ್ತಿನಲ್ಲಿ ಒಂದು ಭಾಗವನ್ನು ಪರೀಕ್ಷಿಸುವುದಕ್ಕೆಂದು ಆದಿ ಅಂತ್ಯದ ಗುರುತುಗಳನ್ನು ಹಾಕಿ ಮರೆತಿರುತ್ತೇವೆ. ಎಕ್ಸ್‌ಪೋರ್ಟ್ ಆ ಗುರುತುಗಳ ನಡುವಣ ಭಾಗವನ್ನು ಮಾತ್ರ ಬರೆದು ಮುಗಿಸುವುದು. ಪೂರ್ತಿ ಚಿತ್ರವೆಂದು ಆರಿಸಿದೆಯೋ ಎಂದು ನೋಡಿಕೊಳ್ಳಬೇಕು. ಕಂಪ್ಯೂಟರು ನಿಧಾನವೆಂದು ಪ್ರಾಕ್ಸಿ ಎಂಬ ಕಿರಿಯ ಪ್ರತಿಗಳನ್ನು ಇಟ್ಟುಕೊಂಡು ಕೆಲಸ ಮಾಡಿದ್ದರೆ, ಕೊನೆಯ ಎಕ್ಸ್‌ಪೋರ್ಟಿನಲ್ಲಿ ಅವುಗಳನ್ನು ಬಳಸುವ ಆಯ್ಕೆ ತೆಗೆದುಹಾಕಿರಬೇಕು. ಇಲ್ಲದಿದ್ದರೆ ಮಸುಕಾದ ಚಿತ್ರವೇ ಗಟ್ಟಿಯಾಗುವುದು. ಪರೀಕ್ಷೆಗೆಂದು ಮುಚ್ಚಿದ ಧ್ವನಿಯ ಸಾಲನ್ನು ತೆರೆಯಲು ಮರೆತರೆ ಮೂಕಚಿತ್ರವಾಗುವುದು.

ಕನ್ನಡದಲ್ಲಿ ಹೆಸರುಗಳನ್ನು ಬರೆಯುವವರಿಗೆ ಮತ್ತೊಂದು ಮಾತು. ಪ್ರಾಜೆಕ್ಟಿನಲ್ಲಿರುವುದು ಅಕ್ಷರಗಳ ಸಂಕೇತ ಮತ್ತು ಫಾಂಟಿನ ಹೆಸರು ಮಾತ್ರ. ಆ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಆಕಾರದ ಅಕ್ಷರಗಳೋ ಬರಿಯ ಚೌಕಗಳೋ ಬರಬಹುದು. ಯೂನಿಕೋಡಿಗೆ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದರಂತೂ ಕನ್ನಡವಿದ್ದ ಜಾಗದಲ್ಲಿ ಇಂಗ್ಲಿಷಿನ ಅರ್ಥವಿಲ್ಲದ ಅಕ್ಷರಗಳು ಕುಣಿಯುವುವು. ಎಕ್ಸ್‌ಪೋರ್ಟ್ ಆದ ಚಿತ್ರದಲ್ಲಿ ಈ ಭಯವಿಲ್ಲ. ಅಲ್ಲಿ ಅಕ್ಷರಗಳು ಚಿತ್ರದ ಚುಕ್ಕೆಗಳೇ ಆಗಿಬಿಟ್ಟಿರುವುವು. ಆದರೆ ಆಮೇಲೆ ತಿದ್ದಲು ಬಾರದಾದಕಾರಣ, ಒತ್ತಕ್ಷರಗಳು ಸರಿಯಾಗಿ ಕುಳಿತಿವೆಯೇ, ಹಿರಿಯರ ಹೆಸರು ತಪ್ಪಿಲ್ಲದೆ ಇದೆಯೇ ಎಂದು ಮುಂಚಿತವಾಗಿ ಮನೆಯ ಮತ್ತೊಬ್ಬರಿಂದ ಓದಿಸಬೇಕು.

ಫೈಲು ಸಿದ್ಧವಾಯಿತೆಂಬ ಸೂಚನೆ ಬಂದ ಮೇಲೆಯೂ ಕೆಲಸ ಮುಗಿಯಲಿಲ್ಲ. ಸಂಕಲನದ ತಂತ್ರಾಂಶವನ್ನು ಮುಚ್ಚಿ, ಆ ಫೈಲನ್ನು ಬೇರೆ ಯಂತ್ರಕ್ಕೆ, ಟೆಲಿವಿಷನ್ನಿಗೋ ಮತ್ತೊಬ್ಬರ ಕಂಪ್ಯೂಟರಿಗೋ, ಒಯ್ದು ಮೊದಲಿನಿಂದ ಕೊನೆಯ ವರೆಗೆ ನೋಡಬೇಕು. ಅಲ್ಲಿ ಮುಖ ಕಂಡು ಮಾತು ಕೇಳಿದರೆ ಆ ಚಿತ್ರ ತನ್ನ ಕಾಲಮೇಲೆ ತಾನು ನಿಂತಿತೆಂದು ಅರ್ಥ. ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಎಂಬುದನ್ನು ವಿಶೇಷವಾಗಿ ಕೊನೆಯ ಭಾಗದಲ್ಲಿ ಗಮನಿಸಬೇಕು. ಫೋನುಗಳು ಕೆಲವೊಮ್ಮೆ ಸಮನಾದ ವೇಗದಲ್ಲಿ ಚಿತ್ರ ತೆಗೆಯದ ಕಾರಣ, ಆರಂಭದಲ್ಲಿ ಸರಿಯಿದ್ದ ಧ್ವನಿ ಬರಬರುತ್ತ ಹಿಂದೆ ಬೀಳುವುದುಂಟು.

ತರುವಾಯ ಪ್ರತಿಗಳ ಮಾತು. 1934ರಲ್ಲಿ ತೆರೆಕಂಡ ಮೊದಲನೆಯ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ನೋಡುವುದಕ್ಕೆ ದೊರೆಯದು. ಜನರು ಚಿತ್ರಮಂದಿರದಲ್ಲಿ ಕಂಡು ಕೊಂಡಾಡಿದ ಚಿತ್ರದ ಗತಿಯೇ ಹೀಗಾದರೆ, ಒಂದು ಮನೆಯ ಒಂದು ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಕೇಳುವವರಾರು? ಆದ್ದರಿಂದ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪ್ರತ್ಯೇಕವಾದ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ನೆಂಟರ ಮನೆಯಲ್ಲಿ, ಹೀಗೆ ಮೂರಾದರೂ ಇರಲಿ. ವಾಟ್ಸ್ಯಾಪಿನಲ್ಲಿ ಮಾಮೂಲಿನಂತೆ ವೀಡಿಯೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಮತ್ತಷ್ಟು ಹಿಂಡಿ ಸಣ್ಣದು ಮಾಡುವುದು. ಡಾಕ್ಯುಮೆಂಟ್ ಎಂದು ಕಳುಹಿಸಿದರೆ 2 ಗಿಗಾಬೈಟಿನ ವರೆಗಿನ ಫೈಲು ಇದ್ದಂತೆಯೇ ತಲುಪುವುದು.

ಮುಂದೆ ಎಂದಾದರೂ ತಿದ್ದುವ ಆಸೆಯಿದ್ದರೆ ಚೀಟಿಯನ್ನೂ ಡಬ್ಬಿಗಳನ್ನೂ ಒಟ್ಟಿಗೆ ಕಟ್ಟಿಡಬೇಕು. ಇದಕ್ಕಾಗಿ ಕೆಡೆನ್‌ಲೈವಿನಲ್ಲಿ ಆರ್ಕೈವ್ ಪ್ರಾಜೆಕ್ಟ್, ರಿಸಾಲ್ವಿನಲ್ಲಿ ಪ್ರಾಜೆಕ್ಟ್ ಆರ್ಕೈವ್, ಪ್ರೀಮಿಯರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಏರ್ಪಾಡುಗಳುಂಟು. ಅವು ಪ್ರಾಜೆಕ್ಟನ್ನೂ ಅದು ಬಳಸಿಕೊಂಡ ಮೂಲದ ಫೈಲುಗಳನ್ನೂ ಒಂದೆಡೆ ಸೇರಿಸಿಕೊಡುವುವು. ಹಿರಿಯರ ಮಾತಿನ ವಿಷಯದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಕತ್ತರಿಸಿ ಬಿಟ್ಟ ಭಾಗವನ್ನೂ ಅಳಿಸಬೇಡಿ. ಇಂದು ನಮಗೆ ಬೇಡವೆನಿಸಿದ ಮಾತನ್ನು ಮೊಮ್ಮಕ್ಕಳು ಹುಡುಕಿಕೊಂಡು ಬಂದಾರು. ಡಿಸ್ಕು ಹಣಕ್ಕೆ ಸಿಕ್ಕುವುದು.

ನಮ್ಮ ಅತ್ತೆಯವರ ಚಿತ್ರದಲ್ಲಿ ಉಳಿದದ್ದು ಎರಡು ನಿಮಿಷ. ದೀಪಾವಳಿಯಾದ ಮೇಲೆ ಧಾರವಾಡದಲ್ಲಿರುವ ನನ್ನ ತಂಗಿಯ ಮಗಳು, "ಅಪ್ಪೆಮಿಡಿ ಉಪ್ಪಿನಕಾಯಿಯ ಭಾಗವನ್ನಷ್ಟು ಕಳಿಸು" ಎಂದು ಕೇಳಿದ್ದಳು. ಅವಳಿಗಾಗಿ ಮಗನು ಆ ತುಣುಕನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ ವಾಟ್ಸ್ಯಾಪಿನಲ್ಲಿ ಕಳುಹಿಸಿದ್ದನು. ಅದು ಅವಳ ಫೋನಿನಲ್ಲಿತ್ತು. ಚಿತ್ರ ಮಸುಕು, ಆದರೆ ಅತ್ತೆಯವರೇ. ಮಿಡಿಯನ್ನು ತೊಟ್ಟು ಮುರಿಯದಂತೆ ಆರಿಸಬೇಕೆಂದು ಹೇಳುತ್ತಾರೆ, ಉಪ್ಪಿನಲ್ಲಿ ಹಾಕುವ ಕ್ರಮವನ್ನು ಹೇಳುತ್ತಾರೆ, "ಇನ್ನು ಸಾಸಿವೆ..." ಎನ್ನುವಷ್ಟರಲ್ಲಿ ಮುಗಿಯುತ್ತದೆ. ನಲವತ್ತು ನಿಮಿಷಗಳಲ್ಲಿ ಹೊರಗೆ ಬಂದದ್ದು ಅಷ್ಟೇ ಆದುದರಿಂದ ಬದುಕಿದ್ದೂ ಅಷ್ಟೇ. ನೀರಿನಲ್ಲಿ ಮುಳುಗಿದ ಮನೆ ಅವರ ಮಾತಿನಲ್ಲಿ ಐವತ್ತೇಳು ವರ್ಷ ಉಳಿದಿತ್ತು. ಅದನ್ನು ಎರಡನೆಯ ಸಲ ಮುಳುಗಿಸಿದವರು ನಾವು.

ವಾಚಕರ ಮನೆಯ ಕಂಪ್ಯೂಟರುಗಳಲ್ಲಿಯೂ "ಮುಗಿದಿದೆ, ಸೇವ್ ಮಾಡಿದೆ" ಎಂದು ಇಟ್ಟಿರುವ ಪ್ರಾಜೆಕ್ಟುಗಳು ಇದ್ದೇ ಇರುವುವು. ಈ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವುಗಳನ್ನು ತೆರೆದು ನೋಡಿ. ಡಬ್ಬಿಗಳು ಇನ್ನೂ ತುಂಬಿರುವಾಗಲೇ ಅಡಿಗೆಯನ್ನು ಮಾಡಿಬಿಡಿ. ಇಷ್ಟನ್ನು ಅರಿಕೆ ಮಾಡಿ ಈ ತಿಂಗಳ ಮಾತನ್ನು ಮುಗಿಸುತ್ತೇನೆ.